ಹೆಂಡತಿ ಕೊಯ್ದ ಕೊಂಬೆ

ಜೊತೆಯವರೆಲ್ಲ ಅವನನ್ನು ನುಣುಪಪ್ಪ ಎನ್ನುತ್ತಿದ್ದರು. ಆಸ್ಪತ್ರೆಯ ಆವರಣದಲ್ಲಿದ್ದ ಪೈನ್ ಮರಗಳ ಕೊಂಬೆ ಸವರುವುದು ಅವನ ಕೆಲಸ. ಸವರಿದ ಜಾಗದಲ್ಲಿ ಬೆರಳಾಡಿಸಿದರೆ ಏನೂ ತಡೆಯಬಾರದು, ಅದು ಅವನ ಹಟ. ಕೊಂಬೆಯ ಬುಡದಲ್ಲಿ ಮರ ತಾನೇ ಕಟ್ಟಿಕೊಂಡಿರುವ ಉಬ್ಬನ್ನು ಕಂಡರೆ ನರಹುಲಿ ಕಂಡಷ್ಟು ಹೇಸಿಗೆ ಅವನಿಗೆ. ಅದನ್ನೂ ಸೇರಿಸಿ ಕಾಂಡದ ಮಟ್ಟಕ್ಕೆ ಕೊಯ್ದು, ಮೇಲೆ ಬಣ್ಣ ಬಳಿದು, ಕೆಳಗಿನ ಹಸಿರನ್ನೆಲ್ಲ ಬೋಳಿಸಿ, ತುದಿಯಲ್ಲೊಂದು ಜುಟ್ಟು ಬಿಡುತ್ತಿದ್ದ. ಮರ ಏನು ತಿಂದು ಬದುಕಬೇಕು ಎಂದು ಯೋಚಿಸುವ ಗೋಜಿಗೇ ಹೋಗಲಿಲ್ಲ ಪುಣ್ಯಾತ್ಮ.

ಆಸ್ಪತ್ರೆಯವರು ಕೊಟ್ಟಿದ್ದ ಅವನ ಮನೆ ಬಾಗಿಲಲ್ಲೂ ಒಂದು ಪೈನ್ ಮರವಿತ್ತು. ಅದರ ನೆರಳಲ್ಲೇ ಹೆಂಡತಿಯ ಹೊಲಿಗೆ ಯಂತ್ರ. ಒಣಹಾಕಿದ ಬಟ್ಟೆಗೆ ಸಿಕ್ಕಿಕೊಳ್ಳುತ್ತಿದ್ದ ಕೊಂಬೆಯೊಂದನ್ನು ಅವನಿಲ್ಲದಾಗ ಅವಳೇ ಕೊಯ್ದಿದ್ದಳು. ಉಬ್ಬು ಹಾಗೇ ಉಳಿದಿತ್ತು.

"ಥೂ, ಏನೇ ಇದು? ನೋಡಿದ್ರೆ ಅನ್ನ ಸೇರಲ್ಲ," ಎಂದ.

"ಹಾಗಾದ್ರೆ ಆ ಕಡೆ ತಿರುಗಿ ಕೂತ್ಕೊಂಡು ಊಟ ಮಾಡಿ. ನನ್ನ ಮರಕ್ಕೆ ಮಾತ್ರ ಕೈ ಹಾಕ್ಬೇಡಿ," ಎಂದಳು.

ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಆಸ್ಪತ್ರೆಯ ಮರಗಳು ಸೊರಗಿ, ಸೂಜಿಯೆಲೆ ಕಂದಿದವು. ಬಣ್ಣ ಬಳಿದ ಜಾಗವನ್ನು ಕೆರೆದರೆ ಒಳಗೆ ಮೆತ್ತಗೆ ಕೊಳೆತ ಮರ, ಬಿಳಿ ಬೂಸ್ಟಿನ ಎಳೆ, ಹಳೇ ಒರೆಸುಬಟ್ಟೆಯ ನಾತ. ಆಸ್ಪತ್ರೆಯ ತೋಟದ ಮೇಸ್ತ್ರಿ ಮೂಗು ಮುಚ್ಚಿಕೊಂಡೇ, "ಎಲ್ಲಾ ಉರುಳಿಸೋದೇ. ನಿಮ್ಮನೆ ಮುಂದಿಂದೂ ಸೇರಿಸ್ತೀನಿ. ಅದೂ ಕೆಟ್ಟಿರುತ್ತೆ," ಎಂದ.

ಅದೂ ಹೋದರೆ ಇವಳು ಎಲ್ಲಿ ಕೂತು ಹೊಲಿಯಬೇಕು? ಒಳಗಿನ ಕೋಣೆಯಲ್ಲಿ ಹಗಲಲ್ಲೂ ದಾರ ಕಾಣುವುದಿಲ್ಲ. ನುಣುಪಪ್ಪ ಮನೆಗೆ ಬಂದವನೇ ಆ ದರಿದ್ರ ಉಬ್ಬಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಮೈ ಜುಮ್ಮೆಂದರೂ ಬೆರಳಿಟ್ಟ. ಉಬ್ಬು ಸುತ್ತಲಿಂದ ಬೆಳೆದು ಗಾಯವನ್ನು ಬಹುಪಾಲು ಮುಚ್ಚಿತ್ತು, ನಡುವೆ ಅಂಟು ಗಟ್ಟಿಯಾಗಿತ್ತು. ಚಾಕುವಿನ ಮೊನೆ ಒಳಗಿಳಿಯಲಿಲ್ಲ. ಗಾಯ ಮುಚ್ಚುವ ಆ ಉಬ್ಬನ್ನೇ ತಾನು ಇಷ್ಟು ವರ್ಷ ಕೊಯ್ದು ಬಿಸಾಡಿದ್ದು. ತನ್ನ ಕೈ ನೋಡಿಕೊಳ್ಳಲೇ ಅವನಿಗೆ ಅಸಹ್ಯವಾಯಿತು.

ಮರುದಿನ ಗರಗಸದವರೊಂದಿಗೆ ಬಂದ ಮೇಸ್ತ್ರಿಯನ್ನು ಬಾಗಿಲಲ್ಲೇ ತಡೆದ.

"ಇದನ್ನ ಬಿಟ್ಬಿಡಿ ಸ್ವಾಮಿ. ಇದು ಕೆಟ್ಟಿಲ್ಲ."

"ನಿಂಗೆ ಹೇಗೆ ಗೊತ್ತು?"

"ಇದಕ್ಕೆ ನನ್ನ ಕೈ ತಾಗಿಲ್ಲ."

ಮೇಸ್ತ್ರಿ ಚಾಕು ಚುಚ್ಚಿ ನೋಡಿ ಹೊರಟುಹೋದ. ಹೆಂಡತಿ ಸೂಜಿಗೆ ದಾರ ಪೋಣಿಸಿದಳು. ನುಣುಪಪ್ಪ ಈಗಲೂ ಆ ಮರಕ್ಕೆ ಬೆನ್ನು ಹಾಕಿಯೇ ಊಟಕ್ಕೆ ಕೂರುತ್ತಾನೆ.