ಗೋಡೆಯಾಚೆ ಒಪ್ಪಿಸಿದ ಫೋನು

ಐದಕ್ಕೆ ಏಳುವುದು, ಐದೂಕಾಲಿಗೆ ಬೈಬಲ್ ತೆರೆದು ಒಂದು ಅಧ್ಯಾಯ ಓದುವುದು, ಆರಕ್ಕೆ ಪ್ರಾರ್ಥನೆ ಮುಗಿಸುವುದು. ಇದು ನನಗೆ ಬೋರ್ಡಿಂಗ್ ಶಾಲೆಯ ಗಂಟೆ ಕಲಿಸಿದ ಪಾಠ. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಾಗ ಪಾಳಿಗೆ ತಕ್ಕಂತೆ ಹೊತ್ತು ಬದಲಾಗುತ್ತಿತ್ತು, ಓದು ತಪ್ಪುತ್ತಿರಲಿಲ್ಲ. ನಿವೃತ್ತಿಯಾಗಿ ಶಿಕಾರಿಪುರದಲ್ಲೇ ಉಳಿದ ಮೇಲೆ ಕಣ್ಣು ಕೈಕೊಟ್ಟಿತು. ಅಚ್ಚಿನ ಸಾಲುಗಳು ಒಂದರೊಳಗೊಂದು ಬೆರೆತುಹೋಗತೊಡಗಿದವು. ಕನ್ನಡಕದಿಂದ ಇನ್ನು ಪ್ರಯೋಜನವಿಲ್ಲ ಎಂದರು ಡಾಕ್ಟರು. ಬೇರೆಯವರು ಓದಿದ್ದನ್ನು ಕೇಳಬಹುದಿತ್ತು. ಆದರೆ ಅದು ಯಾರೋ ಅನ್ನ ಕಲಸಿ ಬಾಯಿಗಿಟ್ಟ ಹಾಗೆ. ಕಣ್ಣಿರುವಷ್ಟು ದಿನ ನನ್ನ ಕಣ್ಣಿನಿಂದಲೇ ಓದಬೇಕೆಂಬುದು ನನ್ನ ಹಟ.

ಹಾಗಾಗಿ ಫೋನಿಗೆ ಬೈಬಲ್ ಇಳಿಸಿಕೊಂಡೆ. ಬೆರಳಲ್ಲಿ ಹಿಗ್ಗಿಸಿದರೆ ಅಕ್ಷರಗಳು ಹೆಬ್ಬೆರಳಿನಷ್ಟು ದಪ್ಪ ಕಾಣುತ್ತಿದ್ದವು. ಮೊದಲ ದಿನ ಅತ್ತುಬಿಟ್ಟೆ. ಎರಡನೆಯ ದಿನದಿಂದ ತೊಂದರೆ ಶುರುವಾಯಿತು. ನಾಲ್ಕು ಸಾಲು ಓದುವಷ್ಟರಲ್ಲಿ ಮೇಲಿನಿಂದ ಒಂದು ಸಂದೇಶ ಇಳಿಯುತ್ತಿತ್ತು. ಅದನ್ನು ಸರಿಸಲು ಹೋಗಿ ಒತ್ತಿದರೆ ಇನ್ನೊಂದು ತೆರೆದುಕೊಳ್ಳುತ್ತಿತ್ತು. ಆರು ಗಂಟೆಗೆ ಲೆಕ್ಕ ಹಾಕಿದರೆ ಓದಿದ್ದು ಎರಡು ವಚನ, ನೋಡಿದ್ದು ಯಾರದೋ ಮೊಮ್ಮಗಳ ಕಿವಿ ಚುಚ್ಚುವ ವಿಡಿಯೊ. ಫೋನನ್ನು ಬಂದ್ ಮಾಡಿಡಲು ಮನಸ್ಸು ಒಪ್ಪುತ್ತಿರಲಿಲ್ಲ. ನಮ್ಮ ಬೀದಿಯಲ್ಲಿ ಮಗುವಿಗೆ ಜ್ವರ ಏರಿದರೂ, ಮುದುಕರು ಬಚ್ಚಲಲ್ಲಿ ಜಾರಿದರೂ ಮೊದಲ ಕರೆ ಬರುವುದು ನನಗೆ.

ಪ್ರತಿ ಗುರುವಾರ ಮಧ್ಯಾಹ್ನ ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ಸೊರಬಕ್ಕೆ ಹೋಗುತ್ತೇನೆ. ಅಲ್ಲಿ ಬಟ್ಟೆ ಹೊಲಿಯುವ ಹೆಂಗಸೊಬ್ಬಳ ಮನೆಯಲ್ಲಿ ಏಳೆಂಟು ಜನ ಪ್ರಾರ್ಥನೆಗೆ ಸೇರುತ್ತೇವೆ. ಚಾಪೆಯ ಮೇಲೆ ಸುತ್ತ ಕುಳಿತು ಒಬ್ಬೊಬ್ಬರು ಒಂದೊಂದು ವಚನ ಓದುವುದು ನಮ್ಮ ಪದ್ಧತಿ. ಆ ಗುರುವಾರ ನನ್ನ ಸರದಿ ಬಂದಾಗ ಫೋನನ್ನು ಮುಖದ ಹತ್ತಿರ ಹಿಡಿದು, ವಾರ್ಡಿನಲ್ಲಿ ಹೆಸರು ಕರೆಯುವ ಗಟ್ಟಿ ದನಿಯಲ್ಲಿ ಕೀರ್ತನೆಯ ವಚನ ಓದಿದೆ. ಅದೇ ದನಿಯಲ್ಲಿ, "ಗ್ಯಾಸಿನ ಗಾಡಿ ಬಂತು, ಸಿಲಿಂಡರ್ ಹೊರಗಿಡಿ" ಎಂದೂ ಓದಿಬಿಟ್ಟೆ.

ಎದುರಿಗಿದ್ದ ಅಜ್ಜಿ ಕಣ್ಣು ಮುಚ್ಚಿಕೊಂಡೇ, "ಆಮೆನ್" ಎಂದರು.

ಎಲ್ಲರೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ನಾನೂ ನಕ್ಕೆ, ಆದರೆ ಕಿವಿ ಬಿಸಿಯಾಗಿತ್ತು.

ಪ್ರಾರ್ಥನೆ ಮುಗಿದು ಚಹಾ ಬರುವಾಗ, ಆ ಮನೆಯೊಡತಿಯ ಕೈಯಲ್ಲಿ ಫೋನೇ ಇಲ್ಲದ್ದನ್ನು ಗಮನಿಸಿದೆ. ಅಳತೆ, ಬ್ಲೌಸಿನ ಚಿತ್ರ, ಗಿರಾಕಿಗಳ ತಗಾದೆ ಎಲ್ಲವೂ ಅವಳಿಗೆ ಫೋನಿನಲ್ಲೇ ಬರುತ್ತವೆ. ಅಷ್ಟರಲ್ಲಿ ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯಾಕೆ ಕೈ ಚಾಚಿದಳು.

"ತಗಾ ಮಾರಾಯ್ತಿ, ನಿನ್ನ ಫೋನು. ಕುಪ್ಪಗಡ್ಡೆಯೋರಿಗೆ ಶನಿವಾರಕ್ಕೇ ಬೇಕಂತೆ. ಇನ್ನೊಬ್ಬಳಿಗೆ ತೋಳು ಉದ್ದ ಆಯ್ತಂತೆ. ಉದ್ದ ಬೇಕು ಅಂದಿದ್ದು ನೀನೇ ಅಲ್ವನೇ ಅಂತ ನಾನೇ ಜೋರು ಮಾಡಿ ಇಟ್ಟೆ."

"ನನ್ನ ಗಿರಾಕಿನೆಲ್ಲ ಓಡ್ಸು ನೀನು!"

"ಓಡಿದ್ರೆ ಓಡ್ಲಿ. ನಿನ್ನ ಪ್ರಾರ್ಥನೆ ಓಡ್ಲಿಲ್ಲಲ್ಲ?"

ಆ ನೆರೆಯಾಕೆ ಶಿವಭಕ್ತರ ಮನೆಯವಳು. ಬೆಳಿಗ್ಗೆ ಅವಳು ಲಿಂಗಪೂಜೆಗೆ ಕೂರುವಾಗ ಅವಳ ಫೋನು ಇತ್ತ ಬರುತ್ತದೆ. ಇವಳು ಪ್ರಾರ್ಥನೆಗೆ ಕೂರುವಾಗ ಇವಳದು ಅತ್ತ ಹೋಗುತ್ತದೆ. ಇಬ್ಬರಲ್ಲಿ ಯಾರೂ ಇನ್ನೊಬ್ಬರ ದೇವರ ವಿಷಯಕ್ಕೆ ಹೋಗುವುದಿಲ್ಲ, ಫೋನನ್ನಷ್ಟೇ ಕಾಯುತ್ತಾರೆ.

"ಬಂದ್ ಮಾಡಿಟ್ರೆ ಸಾಲದಾ?" ಎಂದು ಕೇಳಿದೆ.

"ಮಾಡಿ ನೋಡಿದೀನಿ ಸಿಸ್ಟರ್. ಫೋನ್ ಬಂದಾಗ್ತದೆ, ಮನಸ್ಸು ಬಂದಾಗಲ್ಲ. ಯಾರು ಮಾಡಿದ್ರೋ ಎಂತದೋ ಅಂತ ಅಲ್ಲೇ ಸುತ್ತತದೆ. ಅದಕ್ಕೆ ಒಬ್ರು ಇದಾರೆ ಅಂತ ಗೊತ್ತಿದ್ರೆ ನಿರಾಳ."

ನಾನು ಚಹಾ ಲೋಟ ಕೆಳಗಿಟ್ಟೆ. ಇಡೀ ನೌಕರಿಯಲ್ಲಿ ರೋಗಿಗಳನ್ನು ಮುಂದಿನ ಪಾಳಿಯವಳಿಗೆ ಒಬ್ಬೊಬ್ಬರಾಗಿ ಒಪ್ಪಿಸದೆ ನಾನು ವಾರ್ಡು ಬಿಟ್ಟವಳಲ್ಲ. ಒಪ್ಪಿಸಿದ ಮೇಲೆ ಹಾಯಾಗಿ ನಿದ್ದೆ ಮಾಡಿದವಳು. ಅದನ್ನು ಈ ಹುಡುಗಿ, ನನ್ನ ಅರ್ಧ ವಯಸ್ಸಿನವಳು, ಯಾರೂ ಹೇಳಿಕೊಡದೆ ತನ್ನ ಪ್ರಾರ್ಥನೆಗೆ ತಂದುಕೊಂಡಿದ್ದಳು. ಶಿಸ್ತು ಎಂದರೆ ನನ್ನದೇ ಎಂದುಕೊಂಡಿದ್ದ ನನಗೆ ಅವಳ ಮುಂದೆ ಕೈಮುಗಿಯುವಂತಾಯಿತು.

ಮುಂದಿನ ಗುರುವಾರ ಅವಳು ತನ್ನ ಹಳೆಯ ಫೋನನ್ನು ನನ್ನ ಚೀಲಕ್ಕೆ ಹಾಕಿದಳು. ಬೇಡವೆಂದರೂ ಕೇಳಲಿಲ್ಲ. "ಸಿಮ್ ಇಲ್ಲ, ನೆಟ್ ಇಲ್ಲ. ಬೈಬಲ್ ಒಂದೇ ಬಿಟ್ಟಿದೀನಿ. ಇದಕ್ಕೆ ಗ್ಯಾಸ್ ಗಾಡಿ ಬರಲ್ಲ."

ಓದಲು ಒಂದು ಫೋನು ಸಿಕ್ಕಿತು. ಇನ್ನೊಂದನ್ನು ಕಾಯುವವರು ಬೇಕಿತ್ತು. ಅದೇ ನನಗೆ ಕಷ್ಟದ ಕೆಲಸ. ಬೀದಿಯವರು ನನ್ನನ್ನು ಕೇಳುವುದು ರೂಢಿ, ನಾನು ಯಾರನ್ನೂ ಏನನ್ನೂ ಕೇಳಿದವಳಲ್ಲ. ಎರಡು ದಿನ ಹಿಂದೆಮುಂದೆ ನೋಡಿ, ಮೂರನೆಯ ಬೆಳಿಗ್ಗೆ ಐದು ಗಂಟೆ ಹತ್ತು ನಿಮಿಷಕ್ಕೆ ಅಂಗಳ ಗುಡಿಸುತ್ತಿದ್ದ ನನ್ನ ಪಕ್ಕದ ಮನೆಯಮ್ಮನ ಮುಂದೆ ಫೋನು ಹಿಡಿದು ನಿಂತೆ. ವಿಷಯ ಹೇಳಿದೆ.

"ಅಯ್ಯ, ಇಷ್ಟಕ್ಕ ಇಷ್ಟೊಂದು ಸಂಕೋಚ ಏನ್ರೀ ಸಿಸ್ಟರ್? ಕೊಡ್ರಿ ಇಲ್ಲಿ. ಆದ್ರ ಏಳಕ್ಕ ನಾನು ಪೂಜಿಗೆ ಕುಂತಾಗ ನಂದು ನೀವು ಹಿಡ್ಕೋಬೇಕು. ನಮ್ಮಕ್ಕ ಅದೇ ಹೊತ್ತಿಗೆ ಫೋನ್ ಮಾಡ್ತಾಳ, ಮಾತು ಮುಗಿಯಂಗೇ ಇಲ್ಲ."

"ಉಸಿರಾಟದ ತೊಂದರೆ, ರಕ್ತ, ಹೆರಿಗೆ ನೋವು. ಇವಕ್ಕೆ ಮಾತ್ರ ನನ್ನ ಕರೀರಿ," ಎಂದು ಪಾಳಿ ಒಪ್ಪಿಸುವಂತೆಯೇ ಹೇಳಿ ಬಂದೆ.

ಕಿಟಕಿಯ ಬಳಿ ಕುಳಿತು ಹಳೆಯ ಫೋನು ತೆರೆದೆ. ಅಧ್ಯಾಯದ ಅರ್ಧಕ್ಕೆ ಬಂದಿರಬೇಕು, ಗೋಡೆಯಾಚೆ ನನ್ನ ಫೋನು ಕೂಗಿತು. ಮನಸ್ಸು ಅತ್ತ ಓಡಿತು. ಅವರ ದನಿ ಕೇಳಿಸಿತು: "ಸಿಸ್ಟರ್ ಓದಾಕ ಕುಂತಾರ್ರೀ. ಉಸಿರಾಟ ಸರಿ ಐತಲ್ಲ? ಬರೇ ಕೆಮ್ಮಾ? ಬಿಸಿನೀರು ಕುಡಿಸ್ರಿ, ಆರಕ್ಕ ಮಾಡ್ರಿ."

ಸರಿಯಾಗಿಯೇ ಹೇಳಿದ್ದರು. ನಾನು ಅಕ್ಷರ ಇನ್ನೂ ಸ್ವಲ್ಪ ಹಿಗ್ಗಿಸಿ, ಬಿಟ್ಟ ಸಾಲಿನಿಂದ ಮುಂದಕ್ಕೆ ಓದಿದೆ. ಅಧ್ಯಾಯ ಮುಗಿಯಿತು.