ಭಾಷಾವಿಜ್ಞಾನ ಓದಿ ಯಾವ ದಂಧೆ?

‘ಭಣೀನೇ ಶು ಧಂಧೋ ಕರೀಶ್?’ ಓದಿ ಮುಗಿಸಿ ಯಾವ ದಂಧೆ ಮಾಡ್ತೀಯ? ಅಹಮದಾಬಾದಿಗೆ ಬಂದ ಮೊದಲ ವಾರ, ನವರಂಗಪುರದ ನಮ್ಮ ಮನೆಯೊಡತಿ ಹಂಸಾಬೆನ್ ಹೀಗೆ ಕೇಳಿದಾಗ ನನಗೆ ಮೈಯೆಲ್ಲ ಉರಿಯಿತು. ನಮ್ಮೂರು ತುಮಕೂರಿನಲ್ಲಿ ದಂಧೆ ಎಂದರೆ ಮರಳಿನದು, ಮಟ್ಕಾದ್ದು. ಇಲ್ಲಿ ಧಂಧೋ ಎಂದರೆ ಮರ್ಯಾದಸ್ತರ ವ್ಯಾಪಾರ, ಉದ್ಯೋಗ. ನಮ್ಮಲ್ಲಿ ಪೊಲೀಸ್ ಠಾಣೆ ಸೇರಿದ ಪದ ಇಲ್ಲಿ ಸೋಫಾದ ಮೇಲೆ ಕೂತಿದೆ. ಇದು ಗೊತ್ತಾಗುವವರೆಗೆ ನಾನು ಅವರ ಜೊತೆ ಸರಿಯಾಗಿ ಮಾತಾಡಲಿಲ್ಲ.

ಪದಗಳ ಈ ಹುಚ್ಚೇ ನನ್ನನ್ನು ಪೇಚಿಗೆ ಸಿಕ್ಕಿಸಿತು. ನಮ್ಮೂರಲ್ಲಿ ಪಿಯುಸಿಗೇ ಸೈನ್ಸೋ ಕಾಮರ್ಸೋ ಎಂದು ಹಣೆಬರಹ ತೀರ್ಮಾನವಾಗುತ್ತದೆ. ಇಲ್ಲಿನ ಲಿಬರಲ್ ಆರ್ಟ್ಸ್ ಕಾಲೇಜಿನಲ್ಲಿ ಎರಡು ವರ್ಷ ಎಲ್ಲದರ ರುಚಿ ನೋಡಿ, ಆಮೇಲೆ ಒಂದನ್ನು ಮೇಜರ್, ಅಂದರೆ ಮುಖ್ಯ ವಿಷಯವಾಗಿ ಆರಿಸಿಕೊಳ್ಳಬೇಕು. ಸಹಕಾರಿ ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿರುವ ಅಪ್ಪ ನನ್ನನ್ನು ಇಷ್ಟು ದೂರ ಕಳಿಸಿದ್ದು ಅರ್ಥಶಾಸ್ತ್ರ ಓದಲೆಂದು. ನನಗೆ ಬೇಕಾದದ್ದು ಭಾಷಾವಿಜ್ಞಾನ. ಅದನ್ನು ಓದಿದ ಸೀನಿಯರ್ ಒಬ್ಬಳು ಫೋನಿಗೆ ಮಾತು ಕಲಿಸುವ ಕಂಪನಿಯಲ್ಲಿದ್ದಳು, ಇನ್ನೊಬ್ಬ ಇನ್ನೂ ಕೆಲಸ ಹುಡುಕುತ್ತಿದ್ದ. ಅವನನ್ನು ನೆನೆದರೆ ಹೆದರಿಕೆಯಾಗುತ್ತಿತ್ತು.

ಹಂಸಾಬೆನ್‌ಗೆ ನನ್ನ ಆಸೆ ಹೇಳಿದೆ. ಖಾಖ್ರಾ ಎಂಬ ಗರಿಗರಿ ರೊಟ್ಟಿ ಬೇಯಿಸಿ ಅಂಗಡಿಗಳಿಗೆ ಕೊಡುವ ಹೆಂಗಸು ಅವರು. “ಭಾಷೆ ಯಾರು ಕೊಳ್ತಾರೆ, ಬೇಟಾ?” ಎಂದು ಹಿಂದಿಯಲ್ಲಿ ಕೇಳಿದರು. ಅದರಲ್ಲಿ ಕೊಂಕಿರಲಿಲ್ಲ, ಖಾಖ್ರಾದ ಬಗ್ಗೆಯೂ ಹೀಗೇ ಕೇಳುತ್ತಾರೆ. ಅದಕ್ಕೆ ಉತ್ತರ ಹುಡುಕುತ್ತ ವಾರಗಟ್ಟಲೆ ಸೀನಿಯರ್‌ಗಳನ್ನೂ ಮೇಷ್ಟ್ರುಗಳನ್ನೂ ಪೀಡಿಸಿ, ಭಾಷಾವಿಜ್ಞಾನದ ಜೊತೆಗೆ ಕಂಪ್ಯೂಟರಿನ ಕೋರ್ಸುಗಳನ್ನೂ ಸೇರಿಸಿಕೊಂಡು, ಅಪ್ಪನಿಗೆ ಫೋನ್ ಮಾಡಿದೆ.

“ಯಾವ್ ಭಾಷೆ ಓದ್ತೀಯಮ್ಮ?”

“ಒಂದು ಭಾಷೆ ಅಂತಲ್ಲಪ್ಪ. ಭಾಷೆ ಹೆಂಗೆ ಕೆಲ್ಸ ಮಾಡುತ್ತೆ ಅಂತ. ಫೋನು, ಕಂಪ್ಯೂಟರು ಕನ್ನಡ ಮಾತಾಡ್ಬೇಕಂದ್ರೆ ಇದನ್ನ ಓದಿದೋರು ಬೇಕು.”

“ಕನ್ನಡಕ್ಕೋಸ್ಕರ ಗುಜರಾತಿಗೆ ಹೋದ್ಯಾ?” ಅಪ್ಪ ನಕ್ಕರು. ಆಮೇಲೆ “ಆಯ್ತು, ಅದನ್ನೇ ತಗೋ. ಕೆಲ್ಸ ಈ ಕಡೆ ಸಿಗುತ್ತಾ?” ಎಂದರು.

“ಸಿಗುತ್ತೆ” ಎನ್ನುವುದು ಸುಲಭವಾಗಿತ್ತು. ಆದರೆ ಊರಲ್ಲಿದ್ದಾಗ ಕನ್ನಡದ ಕಡೆ ನಾನು ಕಿವಿಯನ್ನೇ ಕೊಟ್ಟಿರಲಿಲ್ಲ. ಇಲ್ಲಿ ಬಸ್ಸಿನಲ್ಲಿ ಯಾರಾದರೂ ಫೋನಿನಲ್ಲಿ ಕನ್ನಡ ಮಾತಾಡಿದರೆ ಇಳಿಯುವ ಸ್ಟಾಪು ಮರೆತು ಕೇಳುತ್ತೇನೆ. ವಾಪಸು ಹೋದರೆ ಈ ಕಿವಿ ಉಳಿಯುತ್ತದೋ ಇಲ್ಲವೋ.

“ಗೊತ್ತಿಲ್ಲಪ್ಪ” ಎಂದೆ. ಬೇಕೆಂದ ವಿಷಯ ಸಿಕ್ಕ ದಿನವೇ, ಅದು ನನ್ನನ್ನು ಅಪ್ಪನಿಂದ ದೂರವೇ ಇರಿಸುತ್ತದೇನೋ ಎಂದು ಅಳು ಬಂತು.