ಕರಿಯ ಮಲಗುವ ಜಾಗ

ಹನೂರು ದಾಟಿ, ಬೆಟ್ಟದ ಬುಡದಲ್ಲಿ ಒಬ್ಬರ ಹೊಲದ ಅಂಚಿಗೆ ಟ್ರೇಲರ್ ನಿಲ್ಲಿಸಿದ್ದೇವೆ. ಜೀಪಿನ ಹಿಂದೆ ಎಳೆದು ತಂದ ಈ ಪುಟ್ಟ ಗಾಡಿಯೊಳಗೇ ನಮ್ಮ ಹಾಸಿಗೆ, ಒಲೆ, ಅವ್ವನ ಮಾದಪ್ಪನ ಫೋಟೊ. ದೇವರಿರುವ ಕಡೆ ನಾಯಿ ಬರಕೂಡದೆಂದು ಯಳಂದೂರು ಬಿಡುವಾಗಲೇ ಅವ್ವ ಹೇಳಿದ್ದಾಳೆ. ಕಾಮಗೆರೆಯಲ್ಲಿ ಟೀಗೆ ಇಳಿದಾಗ ಕರಿಯ ಬಾಗಿಲಲ್ಲಿ ಮೂತಿ ತೂರಿಸಿದ್ದಕ್ಕೆ ಸೌಟು ಎತ್ತಿಕೊಂಡು ಬಂದಿದ್ದಳು. ಹಾಗಾಗಿ ಅವನನ್ನು ಹೊರಗೆ ಚಕ್ರಕ್ಕೆ ಕಟ್ಟಿದ್ದೇವೆ.

ಹೊತ್ತು ಮುಳುಗುತ್ತಿದೆ. ಕರಿಯ ಸರಪಳಿ ಜಗ್ಗುತ್ತಲೇ ಇದ್ದಾನೆ. ನನಗೂ ಒಂದು ಕಡೆ ಕೂರಲಾಗುತ್ತಿಲ್ಲ. ಇಟ್ಟ ಟಾರ್ಚನ್ನೇ ಮತ್ತೆ ಮತ್ತೆ ಹುಡುಕುತ್ತಿದ್ದೇನೆ. ದನ ಹೊಡೆದುಕೊಂಡು ಬಂದ ಹೊಲದ ಯಜಮಾನರು ನಾಯಿಯನ್ನು ನೋಡಿ ನಿಂತರು.

“ಇದ್ನ ಆಚೆ ಕಟ್ಟಬ್ಯಾಡಿ ಸಾ. ಚಿರತೆ ಬತ್ತದೆ. ನಮ್ಮದ್ನೂ ಒಳಗೇ ಮಲಗಿಸ್ಕತೀವಿ.”

ಅವರು ದನಗಳ ಹಿಂದೆ ಹೋದರು. ಕರಿಯನನ್ನು ಜೀಪಿನಲ್ಲಿ ಮಲಗಿಸೋಣವೆಂದರೆ ಅದಕ್ಕೆ ಬಾಗಿಲೇ ಇಲ್ಲ. ಊರಿಗೆ ವಾಪಸ್ ಹೋಗಿಬಿಡೋಣ ಎಂದಳು ಹೆಂಡತಿ. ಅವ್ವ ಎರಡು ಸಲ ಬೆಟ್ಟದ ಕಡೆ ನೋಡಿದಳು, ಒಂದು ಸಲ ಕರಿಯನ ಕಡೆ. ಆಮೇಲೆ ಒಳಗೆ ಹೋಗಿ ಫೋಟೊವನ್ನು ಎದೆಗವಚಿಕೊಂಡು ಬಂದು, ಜೀಪಿನ ಸೀಟಿನ ಮೇಲೆ ಒರಗಿಸಿ, ತಾನೇ ಸರಪಳಿ ಬಿಚ್ಚಿದಳು.

“ಅವ್ವ, ದೇವ್ರನ್ನೇ ಆಚೆ ಇಟ್ಬುಟ್ಯಲ್ಲ,” ಎಂದೆ.

ಕರಿಯನನ್ನು ಬಾಗಿಲೊಳಗೆ ತಳ್ಳುತ್ತ ಅವಳೆಂದಳು: “ಮಾದಪ್ಪ ಹುಲಿ ಮೇಲೇ ಕುಂತವ್ನೆ ಕಣ್ಲಾ. ಚಿರತೆ ಅವನ್ಗೇನ್ ಮಾಡ್ತದೆ?”